ಶಿಫ್ಟ್ ಕೀ ನೋಡಿ ಕೀಲಿಮಣೆ ಕೊಳ್ಳಿ

ಕಂಪ್ಯೂಟರಿನ ಜತೆ ಬಂದ ಕೀಲಿಮಣೆ ಕೈಕೊಟ್ಟಾಗ ಬೇರೆ ಕಂಪನಿಯದೊಂದನ್ನು ತರಲು ಹೊರಟವರು ಅಂಗಡಿಯಲ್ಲಿ "ಕನ್ನಡ ಅಕ್ಷರ ಇರೋದು ಇದೆಯಾ?" ಎಂದು ಕೇಳುವುದುಂಟು. ಅದರ ಅಗತ್ಯವಿಲ್ಲ. ಕೀಲಿಮಣೆಗೆ ಯಾವ ಭಾಷೆಯ ಅಕ್ಷರವೂ ಗೊತ್ತಿರುವುದಿಲ್ಲ. ಯುಎಸ್‌ಬಿ ಕೀಲಿಮಣೆಯಲ್ಲಿ 'ಎ' ಎಂದು ಅಚ್ಚಾದ ಕೀ ಒತ್ತಿದರೆ ಕಂಪ್ಯೂಟರಿಗೆ ತಲುಪುವುದು 4 ಎಂಬ ಸಂಖ್ಯೆ, 'ಬಿ' ಒತ್ತಿದರೆ 5. ಆ 4 ಇಂಗ್ಲಿಷಿನ ಎ ಆಗಬೇಕೋ, ನುಡಿ ಎಂಬ ಕನ್ನಡ ತಂತ್ರಾಂಶದ 'ಅ' ಆಗಬೇಕೋ, ಇನ್ನೊಂದು ಕನ್ನಡ ಕೀಲಿ ವಿನ್ಯಾಸವಾದ ಇನ್‌ಸ್ಕ್ರಿಪ್ಟಿನ ಓಕಾರದ ಚಿಹ್ನೆಯಾಗಬೇಕೋ ಎಂಬುದು ಕಂಪ್ಯೂಟರಿನಲ್ಲಿ ನಾವು ಆರಿಸಿಟ್ಟ ವಿನ್ಯಾಸಕ್ಕೆ ಬಿಟ್ಟದ್ದು. ಕಲಿಯುವ ತನಕ ಕನ್ನಡ ಸ್ಟಿಕರ್ ಅಂಟಿಸಿಕೊಂಡರೆ ಸಾಕು. 'ಎಫ್' ಮತ್ತು 'ಜೆ' ಕೀಗಳ ಮೇಲೆ ಮಾತ್ರ ಹುಷಾರು. ಅಲ್ಲಿರುವ ಸಣ್ಣ ಉಬ್ಬುಗೆರೆ ಸ್ಟಿಕರಿನಡಿ ಮುಚ್ಚಿಹೋದರೆ ಪರದೆಯಿಂದ ಕಣ್ಣು ತೆಗೆಯದೆ ಬೆರಳನ್ನು ಜಾಗಕ್ಕೆ ತರುವುದು ಕಷ್ಟ.

ನಿಜವಾಗಿ ನೋಡಬೇಕಾದದ್ದು ಶಿಫ್ಟ್ ಕೀಯನ್ನು. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ, ಹೆಸರುಗಳಿಗೆ ಅದು ಬೇಕು, ಅಷ್ಟೇ. ಕನ್ನಡದಲ್ಲಿ ಪದಪದಕ್ಕೂ ಬೇಕು. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿರುವ ವಿನ್ಯಾಸದಲ್ಲಿ 'ಶಕ್ತಿ' ಎಂದು ಬರೆಯಲು ಶಿಫ್ಟ್ ಹಿಡಿದು ಎಸ್, ಆಮೇಲೆ ಕೆ, ಎಫ್, ಟಿ, ಐ ಒತ್ತಬೇಕು. ಇಲ್ಲಿ 'ಎಫ್' ಎಂದರೆ ಒತ್ತಕ್ಷರ ಕೂಡಿಸುವ ಹಲಂತ. ಆ, ಏ, ಧ, ಶ, ಭ, ಥ ಇವೆಲ್ಲ ಎಡಗೈ ಅಕ್ಷರಗಳು, ಆದ್ದರಿಂದ ಬಲಗೈ ಕಿರುಬೆರಳು ಬಲಬದಿಯ ಶಿಫ್ಟ್ ಹಿಡಿಯಬೇಕು. ಇನ್‌ಸ್ಕ್ರಿಪ್ಟಿನಲ್ಲಿ ಇದು ತಿರುಗುಮುರುಗು. ಅಲ್ಲಿ ವ್ಯಂಜನಗಳು ಬಹುಪಾಲು ಬಲಗೈ ಕಡೆ ಇವೆ. ಖ, ಘ, ಥ, ಧ, ಶ, ಳ ಎಲ್ಲಕ್ಕೂ ಎಡಬದಿಯ ಶಿಫ್ಟೇ ಆಧಾರ.

ಕಂಪನಿಗಳು ಬೇರೆ ಕೀಗಳಿಗೆ ಜಾಗ ಮಾಡಲು ಕತ್ತರಿ ಹಾಕುವುದು ಇದೇ ಎರಡು ಕೀಗಳಿಗೆ. ಪಕ್ಕಪಕ್ಕದ ಎರಡು ಅಕ್ಷರ ಕೀಗಳ ನಡುಮಧ್ಯದ ಅಂತರ ಸಾಮಾನ್ಯವಾಗಿ 19.05 ಮಿ.ಮೀ. ಅಮೆರಿಕನ್ ಮಾದರಿಯಲ್ಲಿ ಎಡ ಶಿಫ್ಟಿಗೆ ಅದರ 2.25 ಪಟ್ಟು, ಅಂದರೆ ಸುಮಾರು 43 ಮಿ.ಮೀ. ಜಾಗ ಸಿಗುತ್ತದೆ. ಯುರೋಪಿಯನ್ ಮಾದರಿಯಲ್ಲಿ ಅದು 1.25 ಪಟ್ಟಿಗೆ ಇಳಿದು, ಪಕ್ಕದಲ್ಲಿ ಇನ್ನೊಂದು ಕೀ ಬಂದು ಕೂರುತ್ತದೆ. ಕಿರುಬೆರಳು ಅಭ್ಯಾಸಬಲದಿಂದ ಆ ಕೀಯನ್ನೇ ಒತ್ತುತ್ತದೆ. 'ಖ' ಬರಬೇಕಾದಲ್ಲಿ 'ಕ' ಉಳಿಯುತ್ತದೆ, ಜತೆಗೆ ಬೇಡದ ಚಿಹ್ನೆಯೊಂದು ನುಸುಳಬಹುದು. ಆನ್‌ಲೈನಿನಲ್ಲಿ ತರಿಸುವಾಗ ಚಿತ್ರದಲ್ಲಿ ಎಂಟರ್ ಕೀ ನೋಡಿ: ಎರಡು ಸಾಲು ಎತ್ತರವಿದ್ದು ಕೆಳಭಾಗ ಕಿರಿದಾಗಿದ್ದರೆ ಅದು ಯುರೋಪಿಯನ್ ಮಾದರಿ. ಇನ್ನು ಈಗ ಬಹಳ ಮಾರಾಟವಾಗುವ ಪುಟ್ಟ ಕೀಲಿಮಣೆಗಳಲ್ಲಿ ಬಾಣದ ಕೀಗಳನ್ನು ತುರುಕಲು ಬಲ ಶಿಫ್ಟನ್ನು 2.75 ಪಟ್ಟಿನಿಂದ 1.75ಕ್ಕೆ ತರುತ್ತಾರೆ. ನುಡಿ ಬಳಸುವವರು 'ಆ' ಒತ್ತಲು ಹೋಗಿ ಮೇಲ್ಬಾಣ ಒತ್ತಿದರೆ ಕರ್ಸರ್ ಮೇಲಿನ ಸಾಲಿಗೆ ಜಿಗಿದು ಬರಹ ಅಲ್ಲಿ ಸೇರಿಕೊಳ್ಳುತ್ತದೆ. ನುಡಿಯವರಿಗೆ 87 ಕೀಗಳ, ನಂಬರ್‌ಪ್ಯಾಡ್ ಇಲ್ಲದ ಮಾದರಿ ಒಳ್ಳೆಯದು. ಶಿಫ್ಟ್ ಎರಡೂ ಪೂರ್ಣ ಗಾತ್ರದಲ್ಲಿರುತ್ತವೆ, ಮೌಸೂ ಕೈಗೆ ಹತ್ತಿರ. ಲೆಕ್ಕಪತ್ರ ಬರೆಯುವವರಿಗೆ 104 ಕೀಗಳದ್ದೇ ಆಗಬೇಕು.

ಎರಡನೆಯದು ಒಳಗಿನ ತಂತಿಜಾಲ. 104 ಕೀಗಳಿಗೆ 104 ತಂತಿ ಎಳೆಯುವುದಿಲ್ಲ. 8 ಅಡ್ಡ, 18 ಉದ್ದ ಗೆರೆಗಳನ್ನು ಹೆಣೆದರೆ 26 ಗೆರೆಗಳಲ್ಲೇ 144 ಕೂಡುಜಾಗ ಸಿಗುತ್ತದೆ. ಕೀ ಒತ್ತಿದಾಗ ಒಂದು ಅಡ್ಡಗೆರೆ ಒಂದು ಉದ್ದಗೆರೆಗೆ ತಾಗುತ್ತದೆ. ಚೌಕದ ಮೂರು ಮೂಲೆಯ ಕೀಗಳನ್ನು ಒಟ್ಟಿಗೆ ಒತ್ತಿದರೆ ಕರೆಂಟು ಸುತ್ತಿಬಳಸಿ ಹರಿದು, ಒತ್ತದೇ ಇರುವ ನಾಲ್ಕನೆಯ ಮೂಲೆಯ ಕೀಯೂ ಒತ್ತಿದಂತೆ ಕಾಣುತ್ತದೆ. ಈ ಗೊಂದಲ ಬೇಡವೆಂದು ಅಗ್ಗದ ಮೆಂಬ್ರೇನ್ (ರಬ್ಬರ್ ಗುಮ್ಮಟದ) ಕೀಲಿಮಣೆಯ ಚಿಪ್ ಮೂರನೆಯ ಕೀಯನ್ನೇ ಕೈಬಿಡುತ್ತದೆ. ವೇಗವಾಗಿ ಬರೆಯುವಾಗ ಹಿಂದಿನ ಕೀ ಪೂರ್ತಿ ಮೇಲೇಳುವ ಮುನ್ನವೇ ಮುಂದಿನದು ಇಳಿದಿರುತ್ತದೆ. ಅಕ್ಷರ ನುಂಗಿಹೋಗುವುದು ಅಲ್ಲೇ. ಒಳ್ಳೆಯ ಮೆಕ್ಯಾನಿಕಲ್ (ಕೀಗೊಂದು ಸ್ಪ್ರಿಂಗ್ ಸ್ವಿಚ್ ಇರುವ) ಕೀಲಿಮಣೆಯಲ್ಲಿ ಪ್ರತಿ ಕೀಗೂ ಒಂದು ಡಯೋಡ್ ಇಟ್ಟು ಕರೆಂಟು ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿರುತ್ತಾರೆ.

ಕೊಳ್ಳುವ ಮೊದಲು ಪರೀಕ್ಷೆ ಮಾಡಿ. ನೋಟ್‌ಪ್ಯಾಡ್ ತೆರೆದು, ಎರಡೂ ಶಿಫ್ಟ್ ಕೀಗಳನ್ನು ಒತ್ತಿಹಿಡಿದು ಎ ಇಂದ ಝಡ್ ವರೆಗೆ ಒಂದೊಂದೇ ಒತ್ತಿ. ಎರಡೂ ಶಿಫ್ಟ್ ಒಟ್ಟಿಗೆ ಹಿಡಿಯುವ ಪ್ರಸಂಗ ದಿನನಿತ್ಯ ಬಾರದು, ಆದರೆ ಎಷ್ಟು ಅಕ್ಷರ ಮಾಯವಾಗುತ್ತವೆ ಎಂಬುದರಲ್ಲೇ ಜಾಲದ ಗುಣ ತಿಳಿಯುತ್ತದೆ.

ಸ್ವಿಚ್ಚಿನ ವಿಷಯ. ಮೆಂಬ್ರೇನಿನಲ್ಲಿ ಪ್ಲಾಸ್ಟಿಕ್ ಹಾಳೆಗಳ ಮೇಲೆ ಅಚ್ಚಾದ ಗೆರೆಗಳು, ಮೇಲೊಂದು ರಬ್ಬರ್ ಗುಮ್ಮಟ. ಸಾಮಾನ್ಯವಾಗಿ ಗುಮ್ಮಟ ಕುಸಿದು ತಳ ಮುಟ್ಟುವ ತನಕ ಒತ್ತಬೇಕು. ಮೆಕ್ಯಾನಿಕಲ್‌ನಲ್ಲಿ ಕೀಗೊಂದು ಸ್ಪ್ರಿಂಗ್. ಜರ್ಮನಿಯ ಚೆರಿ ಕಂಪನಿಯ ಕೆಂಪು ಎಂಎಕ್ಸ್ ಸ್ವಿಚ್ 4 ಮಿ.ಮೀ. ಇಳಿಯುತ್ತದೆ, 2 ಮಿ.ಮೀ.ಗೇ ಅಕ್ಷರ ಹೋಗಿಬಿಡುತ್ತದೆ. ಬೇಕಾದ ಬಲ 45 ಸೆಂಟಿನ್ಯೂಟನ್, ಸುಮಾರು 46 ಗ್ರಾಂ ತೂಕದಷ್ಟು. ಕಂದು ಸ್ವಿಚ್ಚಿನಲ್ಲಿ ನಡುದಾರಿಯಲ್ಲಿ ಬೆರಳಿಗೆ ಸಣ್ಣ ತಡೆ ತಾಗುತ್ತದೆ. ನೀಲಿಯದು ಟಕ್ ಎಂದು ಸದ್ದು ಮಾಡುತ್ತದೆ, ಮಗು ಮಲಗಿರುವ ಕೋಣೆಗೆ ಬೇಡ. ಕನ್ನಡಕ್ಕೆ ನನ್ನ ಆಯ್ಕೆ ಕಂದು. ಒತ್ತಕ್ಷರವಿಲ್ಲದ ವಾಕ್ಯ ನಮ್ಮಲ್ಲಿ ಅಪರೂಪ, ಹಲಂತ ಬಿತ್ತೋ ಇಲ್ಲವೋ ಎಂಬುದನ್ನು ಬೆರಳೇ ಹೇಳಿದರೆ ಮತ್ತೆಮತ್ತೆ ಪರದೆ ನೋಡಿ ಖಾತ್ರಿಪಡಿಸಿಕೊಳ್ಳಬೇಕಿಲ್ಲ.

ಮನೆಯ ಮೇಜಿಗೆ ತಂತಿಯದ್ದೇ ಸಾಕು. ವೈರ್‌ಲೆಸ್ ಬೇಕೇಬೇಕೆಂದರೆ ಅದರ ಜತೆ ಬರುವ ಪುಟ್ಟ ರಿಸೀವರನ್ನು, ಅಂದರೆ 2.4 ಗಿಗಾಹರ್ಟ್ಸ್ ಡಾಂಗಲ್ಲನ್ನು, ನೀಲಿ ಯುಎಸ್‌ಬಿ 3 ಪೋರ್ಟಿಗೆ ಸಿಕ್ಕಿಸಬೇಡಿ. ಆ ಪೋರ್ಟಿನಿಂದ ಹೊಮ್ಮುವ ರೇಡಿಯೋ ಗದ್ದಲ ಅದೇ ಆವರ್ತನಕ್ಕೆ ಅಡ್ಡ ಬಂದು ಅಕ್ಷರ ತಪ್ಪಿಸಬಹುದು. ಯುಎಸ್‌ಬಿ 2 ಪೋರ್ಟ್ ಇಲ್ಲದಿದ್ದರೆ ಒಂದಡಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರವಿಡಿ.

ಕೆಲವು ವರ್ಷ ಬಳಸಿದ ಮೇಲೆ ಮೆಕ್ಯಾನಿಕಲ್ ಸ್ವಿಚ್ಚಿಗೆ ಬರುವ ರೋಗ, ಒಂದು ಸಲ ಒತ್ತಿದರೆ ಎರಡು ಸಲ ಬೀಳುವುದು. ಲೋಹದ ಎಲೆಗಳು ತಾಗುವಾಗ ಕೆಲವು ಮಿಲಿಸೆಕೆಂಡು ಅದುರುತ್ತವೆ. ಕೀಲಿಮಣೆಯ ಚಿಪ್ ಅಷ್ಟು ಹೊತ್ತು ಕಾದು ಒಂದೇ ಒತ್ತು ಎಂದು ಎಣಿಸುತ್ತದೆ. ಎಲೆ ಸವೆದರೆ ಅಥವಾ ಧೂಳು ಹಿಡಿದರೆ ಅದುರುವಿಕೆ ಆ ಗಡುವು ದಾಟುತ್ತದೆ. ಹಲಂತದ ಕೀಗೆ ಈ ರೋಗ ಬಂದರೆ ಒತ್ತಕ್ಷರ ಕೂಡದೆ ಒಡೆದು ನಿಲ್ಲುತ್ತದೆ. ಹಾಟ್‌ಸ್ವಾಪ್ ಸಾಕೆಟ್ ಇರುವ ಕೀಲಿಮಣೆಯಾದರೆ ಬೆಸುಗೆಯ ಗೊಡವೆ ಇಲ್ಲ: ಕೇಬಲ್ ಕಿತ್ತು, ಕೀ ಟೋಪಿ ತೆಗೆದು, ಚಿಮಟದಿಂದ ಸ್ವಿಚ್ಚನ್ನು ನೇರ ಮೇಲಕ್ಕೆಳೆದು, ಅಷ್ಟಾಗಿ ಬಳಸದ ಸ್ಕ್ರೋಲ್ ಲಾಕಿನ ಸ್ವಿಚ್ಚನ್ನು ಅಲ್ಲಿಗೆ ಹಾಕಿ. ಕೂರಿಸುವ ಮುಂಚೆ ಎರಡು ಲೋಹದ ಕಾಲುಗಳೂ ನೆಟ್ಟಗಿವೆಯೇ ನೋಡಿ. ಬಾಗಿದ ಕಾಲು ಸಾಕೆಟ್ಟಿನೊಳಗೆ ಹೋಗದೆ ಅಡಿಯಲ್ಲಿ ಮಡಚಿಕೊಂಡರೆ, ಸ್ವಿಚ್ ಕೂತಂತೆ ಕಂಡರೂ ಅಕ್ಷರ ಬರುವುದಿಲ್ಲ.