ಪಕ್ಕದ ಮನೆಯ ಪರದೆಯೂ ನಮ್ಮನ್ನು ಕಾಯುತ್ತದೆ

ಸೊಳ್ಳೆ ಪರದೆಯೆಂದರೆ ಸೊಳ್ಳೆಗೂ ನಮಗೂ ನಡುವೆ ಕಟ್ಟಿದ ಬಟ್ಟೆ, ಅಷ್ಟೇ ಎಂಬ ತಿಳಿವಳಿಕೆ ಎಷ್ಟು ಬೇಗ ತೊಲಗಿದರೆ ಅಷ್ಟು ಒಳ್ಳೆಯದು. ಮಲೇರಿಯಾ ಪೀಡಿತ ಹಳ್ಳಿಗಳಲ್ಲಿ ಸರ್ಕಾರ ಹಂಚುವ ಕೀಟನಾಶಕ ಲೇಪಿತ ಪರದೆ ಒಂದು ಬೋನು. ಒಳಗೆ ಮಲಗಿದ ಮನುಷ್ಯನೇ ಅದರ ಆಮಿಷ. ಉಸಿರು, ಮೈಬಿಸಿ ಎರಡೂ ಮೇಲಕ್ಕೇರುವುದರಿಂದ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಹೆಚ್ಚಾಗಿ ಪರದೆಯ ಮೇಲ್ಭಾಗಕ್ಕೇ ಬಂದು ತಾಗುತ್ತದೆ. ನೂಲಿನಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಅದರ ನರಗಳನ್ನು ಕೆಡಿಸುತ್ತದೆ.

1897ರಲ್ಲಿ ಸಿಕಂದರಾಬಾದಿನಲ್ಲಿ, ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಹುಡುಕುತ್ತಿದ್ದ ವೈದ್ಯ ರೊನಾಲ್ಡ್ ರಾಸ್ ಪರದೆಯನ್ನು ತಿರುವುಮುರುವಾಗಿ ಬಳಸಿದ್ದರು: ರೋಗಿ ಹುಸೇನ್ ಖಾನ್‌ನನ್ನು ಪರದೆಯೊಳಗೆ ಮಲಗಿಸಿ, ತಾವು ಸಾಕಿದ ಸೊಳ್ಳೆಗಳನ್ನು ಒಳಗೇ ಬಿಟ್ಟರು. ಆ ಸೊಳ್ಳೆಗಳನ್ನು ತಕ್ಷಣ ಸೀಳದೆ ದಿನಗಟ್ಟಲೆ ಕಾದದ್ದರಿಂದಲೇ ಅವುಗಳ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿ ಕಣ್ಣಿಗೆ ಬಿತ್ತು.

ಈ ಕಾಯುವಿಕೆಯಲ್ಲೇ ಇದೆ ಗುಟ್ಟು. ರೋಗಿಯ ರಕ್ತ ಹೀರಿದ ಸೊಳ್ಳೆ ಮರುದಿನವೇ ಮಲೇರಿಯಾ ಹರಡಲಾರದು. ಪರೋಪಜೀವಿ ಅದರ ಜೊಲ್ಲುಗ್ರಂಥಿ ತಲುಪಲು ಹತ್ತು-ಹನ್ನೆರಡು ದಿನ ಬೇಕು. ಅಷ್ಟರಲ್ಲಿ ಸೊಳ್ಳೆ ಎರಡು-ಮೂರು ದಿನಕ್ಕೊಮ್ಮೆ ರಕ್ತ ಹುಡುಕಿ ಹೊರಡಲೇಬೇಕು. ಪ್ರತಿ ಸಲವೂ ಪರದೆಯ ಗಂಡಾಂತರ. ದಿನವೊಂದಕ್ಕೆ ನೂರರಲ್ಲಿ 90 ಸೊಳ್ಳೆ ಬದುಕುವುದಾದರೆ ಹನ್ನೆರಡು ದಿನದ ಬಳಿಕ 28 ಉಳಿದಿರುತ್ತವೆ. ಆ 90 ಅನ್ನು 80ಕ್ಕೆ ಇಳಿಸಿ ನೋಡಿ, ಉಳಿಯುವುದು ಬರೀ 7! ಸೊಳ್ಳೆಯ ಸಂಖ್ಯೆಗಿಂತ ಅದರ ಆಯಸ್ಸಿಗೆ ಕತ್ತರಿ ಹಾಕುವುದೇ ಹೆಚ್ಚು ಫಲಕಾರಿ ಎಂದು 1950ರ ದಶಕದಲ್ಲೇ ಮಲೇರಿಯಾ ತಜ್ಞ ಜಾರ್ಜ್ ಮ್ಯಾಕ್‌ಡೊನಾಲ್ಡ್ ಗಣಿತದಿಂದ ತೋರಿಸಿದ್ದರು.

ಆದ್ದರಿಂದಲೇ ಪಶ್ಚಿಮ ಕೀನ್ಯಾದ ಅಸೆಂಬೊದಲ್ಲಿ, ಪರದೆ ಕಟ್ಟಿದ ಮನೆಗಳಿಂದ 300 ಮೀಟರ್ ಒಳಗಿದ್ದ ಪರದೆಯಿಲ್ಲದ ಮನೆಗಳ ಮಕ್ಕಳಿಗೂ ರಕ್ಷಣೆ ಸಿಕ್ಕಿತು. ಒಡಿಶಾದಲ್ಲಿ 2017ರ ಸುಮಾರಿಗೆ ಒಂದು ಕೋಟಿಗೂ ಹೆಚ್ಚು ಪರದೆ ಹಂಚಿದರು; ಮನೆಮನೆ ತಪಾಸಣೆ, ಚಿಕಿತ್ಸೆಯೂ ಜೊತೆಗೂಡಿ, ಆ ವರ್ಷ ಮೂರು ಲಕ್ಷ ದಾಟಿದ್ದ ಪ್ರಕರಣಗಳು ಮರುವರ್ಷ 70 ಸಾವಿರಕ್ಕಿಂತ ಕೆಳಗಿಳಿದವು.

ಆದರೆ ಟ್ರಂಕಿನಲ್ಲಿ ಮಡಿಸಿಟ್ಟ ಪರದೆ ಒಂದು ಸೊಳ್ಳೆಯನ್ನೂ ಕೊಲ್ಲದು. ನೆಂಟರು ಬಂದಾಗ ಬೇಕಾಗುತ್ತದೆ, ಸೆಕೆಯಲ್ಲಿ ಉಸಿರುಗಟ್ಟುತ್ತದೆ, ಬೇಸಗೆಯಲ್ಲಿ ಅಂಗಳದಲ್ಲಿ ಮಲಗುತ್ತೇವೆ ಎಂದು ಜನ ಹೇಳುವ ಕಾರಣಗಳು ಸುಳ್ಳಲ್ಲ. ಇಬ್ಬರಿಗೊಂದು ಪರದೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಐದು ಜನರ ಮನೆಗೆ ಮೂರು ಬೇಕು. ಒಂದೇ ಕೊಟ್ಟು ಬಳಸುವುದಿಲ್ಲವೆಂದು ದೂರುವುದು ಅನ್ಯಾಯ. ಹಾಗಾಗಿ ಸಮೀಕ್ಷೆಗೆ ಬಂದವರು ಮನೆಯಲ್ಲಿ ಪರದೆ ಎಷ್ಟಿದೆ ಎಂದು ಕೇಳಿದರೆ ಸಾಲದು, ನಿನ್ನೆ ರಾತ್ರಿ ಅದರೊಳಗೆ ಯಾರು ಯಾರು ಮಲಗಿದ್ದರು ಎಂದೂ ಕೇಳಬೇಕು. ಮನೆಯವರು ಸಣ್ಣ ತೂತಾಯಿತೆಂದು ಪರದೆಯನ್ನು ಎಸೆಯದೆ ಹೊಲಿದುಕೊಳ್ಳಲಿ. ಒಗೆದ ಮೇಲೆ ನೆರಳಿನಲ್ಲೇ ಒಣಗಿಸಲಿ, ಬಿಸಿಲು ಔಷಧವನ್ನು ಕೆಡಿಸುತ್ತದೆ.