ಕ್ರೋಮ್ ಕಿತ್ತು ಹಾಕಿದರೆ ಹೈಜಾಕರ್ ಹೋಗುವುದಿಲ್ಲ

ಗೂಗಲ್‌ನಲ್ಲಿ ಏನಾದರೂ ಹುಡುಕಲು ಹೋದರೆ ಇನ್ಯಾವುದೋ ಪುಟ ತೆರೆಯುತ್ತದೆ. ಬ್ರೌಸರನ್ನು ಹೀಗೆ ದಾರಿ ತಪ್ಪಿಸುವ ಕಿಡಿಗೇಡಿ ಸಾಫ್ಟ್‌ವೇರ್‌ಗೆ ಹೈಜಾಕರ್ ಎನ್ನುತ್ತಾರೆ. ಗಾಬರಿಯಿಂದ ಕ್ರೋಮ್ ಅನ್‌ಇನ್‌ಸ್ಟಾಲ್ ಮಾಡುತ್ತಾರೆ, ಮತ್ತೆ ಹಾಕುತ್ತಾರೆ. ಲಾಗಿನ್ ಆದ ಸ್ವಲ್ಪ ಹೊತ್ತಿಗೆ ಅದೇ ಪುಟ ಹಾಜರು. ಡೊಂಬಿವಲಿಯಿಂದ ಮಾಟುಂಗದವರೆಗೆ ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇದೇ ಕಥೆ. ಕೊನೆಗೆ ಬೇಸತ್ತು ಬ್ಯಾಕಪ್ ಇಲ್ಲದೆ ಫಾರ್ಮ್ಯಾಟ್ ಮಾಡಿಸಿ, ಮಗುವಿನ ನಾಮಕರಣದ ಫೋಟೊಗಳನ್ನೂ ಕಳೆದುಕೊಳ್ಳುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಹೆಚ್ಚಿನ ಸಲ ಫಾರ್ಮ್ಯಾಟ್ ಬೇಕಾಗಿಯೇ ಇರುವುದಿಲ್ಲ.

ಮೇಲಿನ ಫ್ಲ್ಯಾಟಿನ ಬಾತ್‌ರೂಮಿನಿಂದ ನೀರು ಸೋರುವಾಗ ನಮ್ಮ ಗೋಡೆಗೆ ಎಷ್ಟು ಸಲ ಬಣ್ಣ ಬಳಿದರೇನು? ಹೈಜಾಕರ್ ಕೂತಿರುವುದು ಕ್ರೋಮ್ ಪ್ರೋಗ್ರಾಮಿನೊಳಗಲ್ಲ, ಅದರ ಸುತ್ತಮುತ್ತ. ಅನ್‌ಇನ್‌ಸ್ಟಾಲ್ ಮಾಡುವಾಗ ಬ್ರೌಸಿಂಗ್ ಡೇಟಾ ಅಳಿಸುವ ಗುರುತು ಹಾಕದಿದ್ದರೆ ನಿಮ್ಮ ಸೆಟ್ಟಿಂಗ್, ಎಕ್ಸ್‌ಟೆನ್ಷನ್‌ಗಳೆಲ್ಲ ಇರುವ ಪ್ರೊಫೈಲ್ ಫೋಲ್ಡರ್ ಡಿಸ್ಕಿನಲ್ಲೇ ಉಳಿಯುತ್ತದೆ. (ಎಕ್ಸ್‌ಟೆನ್ಷನ್ ಎಂದರೆ ಕ್ರೋಮ್‌ಗೆ ಅಂಟಿಸುವ ಪುಟ್ಟ ಪ್ರೋಗ್ರಾಮ್; ಹೈಜಾಕರ್ ಹೆಚ್ಚಾಗಿ ಈ ರೂಪದಲ್ಲೇ ಬರುತ್ತದೆ.) ಅದನ್ನು ಅಳಿಸಿದರೂ, ಸಿಂಕ್ (ಕ್ರೋಮ್‌ನ ಸೆಟ್ಟಿಂಗ್‌ಗಳನ್ನು ಖಾತೆಯಲ್ಲಿ ಉಳಿಸುವ ಸೌಲಭ್ಯ) ಆನ್ ಇದ್ದರೆ ಆ ಕೆಟ್ಟ ಎಕ್ಸ್‌ಟೆನ್ಷನ್ ನಿಮ್ಮ ಗೂಗಲ್ ಖಾತೆಯಲ್ಲಿ ಭದ್ರವಾಗಿರುತ್ತದೆ. ಲಾಗಿನ್ ಆದೊಡನೆ ತಾನಾಗಿ ಇಳಿದು ಬರುತ್ತದೆ. ಹಾಗಾಗಿ ಕ್ರೋಮ್ ಇರಲಿ. ಲಾಗಿನ್ ಆಗಿರುವಾಗಲೇ ಎಕ್ಸ್‌ಟೆನ್ಷನ್ ಪಟ್ಟಿಗೆ ಹೋಗಿ ಅದನ್ನು ತೆಗೆಯಿರಿ, ಆಗ ಖಾತೆಯಿಂದಲೂ ಹೋಗುತ್ತದೆ.

ಅದಕ್ಕೂ ಮೊದಲು ಕಂಟ್ರೋಲ್ ಪ್ಯಾನಲ್‌ನ ಪ್ರೋಗ್ರಾಮ್ ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನ ಬಂದ ಅಪರಿಚಿತ ಹೆಸರುಗಳನ್ನು ತೆಗೆಯಿರಿ. ನಿಗದಿತ ಹೊತ್ತಿಗೆ ಪ್ರೋಗ್ರಾಮುಗಳನ್ನು ತಾನಾಗಿ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅದೇ ಹೆಸರಿನ ಕೆಲಸ ಉಳಿದಿದ್ದರೆ ಅದನ್ನೂ ಅಳಿಸಿ.

ಎಕ್ಸ್‌ಟೆನ್ಷನ್‌ಗೆ ರಿಮೂವ್ ಬಟನ್ನೇ ಇಲ್ಲವೇ? ಕ್ರೋಮ್ ಮೆನುವಿನ ಕೊನೆಯಲ್ಲಿ ‘ನಿಮ್ಮ ಸಂಸ್ಥೆಯ ನಿರ್ವಹಣೆಯಲ್ಲಿದೆ’ ಎಂದು ಬರೆದಿದೆಯೇ? ಮನೆಯ ಕಂಪ್ಯೂಟರಿಗೆ ಯಾವ ಸಂಸ್ಥೆ? ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಹೈಜಾಕರೇ ಪಾಲಿಸಿ, ಅಂದರೆ ನೀವು ಮೀರಲಾಗದ ನಿಯಮ, ಬರೆದಿರಬಹುದು. ಕೆಲವು ಆಂಟಿವೈರಸ್‌ಗಳೂ ಹೀಗೆ ಬರೆಯುವುದರಿಂದ ದುಡುಕಬೇಡಿ. ರಿಜಿಸ್ಟ್ರಿ ಎಡಿಟರ್‌ನ ಲೋಕಲ್ ಮಷಿನ್‌ನಲ್ಲಿ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂದು ಒಳಗೆ ಹೋಗಿ; ಕರೆಂಟ್ ಯೂಸರ್‌ನಲ್ಲೂ ಅದೇ ದಾರಿ. ಅಲ್ಲಿ ‘ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ (ಬಲವಂತವಾಗಿ ಹಾಕುವ ಎಕ್ಸ್‌ಟೆನ್ಷನ್‌ಗಳ ಪಟ್ಟಿ) ಕಂಡರೆ ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಆಮೇಲೆ ಅಳಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ದಯವಿಟ್ಟು ಕೈ ಹಾಕಬೇಡಿ.

ಇನ್ನು ಡೆಸ್ಕ್‌ಟಾಪ್ ಮೇಲಿನ ಕ್ರೋಮ್ ಚಿಹ್ನೆ. ಬಹುತೇಕರು ಇದನ್ನು ನೋಡುವುದೇ ಇಲ್ಲ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ಟಾರ್ಗೆಟ್ ಪೆಟ್ಟಿಗೆಯಲ್ಲಿ ಕರ್ಸರನ್ನು ಸಾಲಿನ ತುದಿಯವರೆಗೆ ಒಯ್ಯಿರಿ. ಪೆಟ್ಟಿಗೆ ಚಿಕ್ಕದು, ತುದಿ ಮೊದಲ ನೋಟಕ್ಕೆ ಕಾಣುವುದಿಲ್ಲ. ಸಾಲು ಕ್ರೋಮ್ ಡಾಟ್ ಇಎಕ್ಸ್‌ಇ ಮತ್ತು ಉದ್ಧರಣ ಚಿಹ್ನೆಗೆ ಮುಗಿಯಬೇಕು. ಪ್ರೊಫೈಲ್ ಡೈರೆಕ್ಟರಿ ಎಂಬ ಮಾತಿದ್ದರೆ ಅಡ್ಡಿಯಿಲ್ಲ. ಆದರೆ ಒಂದು ವೆಬ್ ವಿಳಾಸ ಅಂಟಿಕೊಂಡಿದ್ದರೆ ಅದನ್ನು ಮಾತ್ರ ಅಳಿಸಿ. ಟಾಸ್ಕ್‌ಬಾರ್‌ನಲ್ಲಿರುವ ಚಿಹ್ನೆ ಬೇರೆಯೇ ಶಾರ್ಟ್‌ಕಟ್, ಅದನ್ನೂ ನೋಡಿ.

ಕೊನೆಗೆ ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಕೊಡಿ. ಬುಕ್‌ಮಾರ್ಕ್, ಪಾಸ್‌ವರ್ಡ್ ಹೋಗುವುದಿಲ್ಲ. ಕ್ರೋಮ್‌ನಲ್ಲೇ ಇದ್ದ ಕ್ಲೀನಪ್ ಸೌಲಭ್ಯವನ್ನು ಗೂಗಲ್ 2023ರಲ್ಲಿ ತೆಗೆದಿದೆ, ಹುಡುಕಿ ಸುಸ್ತಾಗಬೇಡಿ. ಇಂಥ ಬೇಡದ ಸಾಫ್ಟ್‌ವೇರ್ ಹುಡುಕಿ ತೆಗೆಯುವ ಮಾಲ್‌ವೇರ್‌ಬೈಟ್ಸ್ ಕಂಪನಿಯ ಆಡ್‌ಕ್ಲೀನರ್ ಉಚಿತ, ಒಮ್ಮೆ ಓಡಿಸಿ. ಅವರದೇ ಸೈಟಿನಿಂದ ಇಳಿಸಿಕೊಳ್ಳಿ.

ಮೂಲೆಯಲ್ಲಿ ‘ವೈರಸ್ ಬಂದಿದೆ’ ಎಂದು ಪದೇ ಪದೇ ಏಳುವ ಸಂದೇಶ ಹೆಚ್ಚಾಗಿ ವೈರಸ್ಸೇ ಅಲ್ಲ. ಯಾವುದೋ ಸೈಟಿಗೆ ನೀವೇ ‘ಅಲೋ’ ಒತ್ತಿದ್ದರ ಫಲ. ಕ್ರೋಮ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ಪಟ್ಟಿಯಿಂದ ಆ ಸೈಟನ್ನು ತೆಗೆದರೆ ಸಾಕು. ಆ ಸಂದೇಶದಲ್ಲಿ ಕೊಟ್ಟ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಮ್ಮವರ ಮನೆಗೆ ಈ ಹೈಜಾಕರ್ ಬರುವ ಒಂದು ದಾರಿ ಕನ್ನಡ ಟೈಪಿಂಗ್. ಸಂಘದ ಆಮಂತ್ರಣ ಬರೆಯಲು ಸಿಕ್ಕ ಸಿಕ್ಕ ಸೈಟಿನಿಂದ ಸಾಫ್ಟ್‌ವೇರ್ ಇಳಿಸುತ್ತಾರೆ, ನೆಕ್ಸ್ಟ್ ನೆಕ್ಸ್ಟ್ ಒತ್ತುತ್ತಾರೆ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ (ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವಂಥದು) ಇದೆ. ಸೆಟ್ಟಿಂಗ್ಸ್‌ನ ಲ್ಯಾಂಗ್ವೇಜ್ ವಿಭಾಗದಲ್ಲಿ ಕನ್ನಡ ಸೇರಿಸಿ, ಅದರ ಆಪ್ಷನ್ಸ್‌ನಲ್ಲಿ ಕನ್ನಡ ಫೊನೆಟಿಕ್ ಕೀಬೋರ್ಡನ್ನೂ ಸೇರಿಸಿದರೆ ಬಂತು.