ಹೊಸ್ತಿಲಿನ ಎತ್ತರ

ಬ್ರಹ್ಮಾವರದ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಹಳೆಯ ಮನೆ, ಚಾವಡಿಯ ಹೊಸ್ತಿಲು ಒಂದು ಗೇಣಿಗಿಂತ ಎತ್ತರ. ತುಂಬಿದ ಕೊಡಪಾನ ಸೊಂಟದಲ್ಲಿಟ್ಟು ಅದನ್ನು ಸಲೀಸಾಗಿ ದಾಟುತ್ತಿದ್ದವರಿಗೆ ಈಗ 84. ದಾರಂದ ಹಿಡಿದು ಒಂದು ಕಾಲು ಎತ್ತುತ್ತಾರೆ, ಸ್ವಲ್ಪ ನಿಲ್ಲುತ್ತಾರೆ, ಆಮೇಲೆ ಇನ್ನೊಂದು. ಕೈ ಕೊಡಲು ಹೋದರೆ "ಬೇಡ ಮಾರಾಯ, ನಾನೇ ಬರ್ತೇನೆ" ಎನ್ನುತ್ತಾರೆ.

ವಯಸ್ಸಾದರೆ ದೇಹ ಯಾಕೆ ಸೋಲುತ್ತದೆ? ಬಳಸಿ ಬಳಸಿ ಸವೆಯುತ್ತದೆ ಎಂದು ನಾವು ಸುಮ್ನೆ ಹೇಳಿಬಿಡುತ್ತೇವೆ. ಆದರೆ ಮುರಿದ ಮೂಳೆ ಕೂಡುತ್ತದೆ, ಗಾಯ ಮಾಯುತ್ತದೆ, ಚರ್ಮ ಹೊಸದಾಗಿ ಬರುತ್ತದೆ. ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ದೇಹ ಆ ಕೆಲಸವನ್ನು ಯಾಕೆ ನಿಧಾನ ಮಾಡುತ್ತದೆ?

1912ರಲ್ಲಿ ಅಲೆಕ್ಸಿಸ್ ಕ್ಯಾರೆಲ್ ಎಂಬ ವಿಜ್ಞಾನಿ ಕೋಳಿಮರಿಯ ಹೃದಯದ ತುಣುಕನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಶುರು ಮಾಡಿದರು. ಆ ಜೀವಕೋಶಗಳು 34 ವರ್ಷ ಬದುಕಿದವು ಎಂದು ಲೋಕ ನಂಬಿತು. ಅಂದರೆ ಕೋಶಗಳಿಗೆ ಮುಪ್ಪಿಲ್ಲ ಎಂದಾಯಿತು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಇದು ತಪ್ಪು ಎಂದು ತೋರಿಸಿದರು. ಮನುಷ್ಯನ ಸಾಮಾನ್ಯ ಕೋಶ ಸುಮಾರು 50 ಸಲ ಒಡೆದು ಎರಡಾಗುತ್ತದೆ, ಆಮೇಲೆ ನಿಲ್ಲುತ್ತದೆ. ಕೋಶದೊಳಗೆ ವಂಶವಾಹಿಗಳನ್ನು ಹೊತ್ತಿರುವ ವರ್ಣತಂತುವಿನ ತುದಿಗೆ ಟೆಲೊಮಿಯರ್ ಎಂಬ ಕಟ್ಟು ಇರುತ್ತದೆ. ಕೋಶ ಒಡೆದಾಗೆಲ್ಲ ಅದು ಚಿಕ್ಕದಾಗುತ್ತದೆ, ಕೊನೆಗೆ ಕೋಶ ಒಡೆಯುವುದನ್ನೇ ಬಿಡುತ್ತದೆ. ಈ ಕಟ್ಟು ಕಾಪಾಡುವ ಬಗೆಯನ್ನು ಕಂಡುಹಿಡಿದ ಮೂವರಿಗೆ 2009ರಲ್ಲಿ ನೊಬೆಲ್ ಬಂತು.

ಹಾಗೆ ನಿಲ್ಲುವುದರಿಂದ ಒಂದು ಲಾಭವೂ ಇದೆ, ಅಡ್ಡಾದಿಡ್ಡಿ ಬೆಳೆದು ಕ್ಯಾನ್ಸರ್ ಆಗುವುದು ಎಷ್ಟೋ ಸಲ ತಪ್ಪುತ್ತದೆ. ಆದರೆ ನಿಂತ ಕೋಶಗಳು ದೇಹದಲ್ಲೇ ಉಳಿದು ಸುತ್ತಲಿನ ಅಂಗಾಂಶಕ್ಕೆ ಉರಿಯೂತ ತರುತ್ತವೆ. ಎಳೆ ವಯಸ್ಸಿನಲ್ಲಿ ಕಾಯ್ದದ್ದೇ ಮುಪ್ಪಿನಲ್ಲಿ ಕಾಡುತ್ತದೆ. ಜೀವವಿಜ್ಞಾನಿ ಜಾರ್ಜ್ ವಿಲಿಯಮ್ಸ್ 1957ರಲ್ಲಿ ಹೇಳಿದ್ದು ಇಂಥದ್ದನ್ನೇ. ಅದಕ್ಕೂ ಮೊದಲು ಪೀಟರ್ ಮೆಡಾವರ್ ಎಂಬ ಇನ್ನೊಬ್ಬ ಜೀವವಿಜ್ಞಾನಿ ಬೇರೊಂದು ಮಾತು ಹೇಳಿದ್ದರು. ಕಾಡಿನಲ್ಲಿ ಹೆಚ್ಚಿನ ಪ್ರಾಣಿಗಳು ರೋಗಕ್ಕೋ ಬೇಟೆಗೋ ಸಿಕ್ಕಿ ಬೇಗ ಸಾಯುತ್ತವೆ. ಮುಪ್ಪಿನ ದೋಷ ತಿದ್ದುವ ಅವಕಾಶ ಜೀವವಿಕಾಸಕ್ಕೆ ಸಿಗುವುದೇ ಇಲ್ಲ. ನನಗೆ ಇದು ತುಂಬಾ ಮನಸ್ಸಿಗೆ ತಾಗಿದ ಮಾತು.

ಯಾಕೆಂದರೆ ನಮ್ಮಲ್ಲೂ ಮುಪ್ಪು ಹೊಸದೇ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು 32ರ ಆಸುಪಾಸು ಇತ್ತು, ಈಗ 70ರ ಹತ್ತಿರ. ಆಗ ಜಾಸ್ತಿ ಸಾಯುತ್ತಿದ್ದದ್ದು ಮಕ್ಕಳು. ಲಸಿಕೆ, ಶುದ್ಧ ನೀರು, ಹೆರಿಗೆ ಆಸ್ಪತ್ರೆ ಅವರನ್ನು ಉಳಿಸಿದವು. ಹಾಗೆ ಉಳಿದವರು ಇಂದು ಅಜ್ಜ ಅಜ್ಜಿ ಆಗಿದ್ದಾರೆ. 2011ರ ಜನಗಣತಿಯಲ್ಲಿ 60 ದಾಟಿದವರು 10 ಕೋಟಿಗಿಂತ ಹೆಚ್ಚಿದ್ದರು.

ಅದೇ ಹೊತ್ತಿಗೆ ಕರಾವಳಿಯ ಮನೆಗಳು ಖಾಲಿಯಾದವು. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನದ ಕುಟುಂಬಗಳಲ್ಲಿ ಅಕ್ಕ ತಂಗಿಯರು, ಅವರ ಮಕ್ಕಳು ಒಂದೇ ಮನೆಯಲ್ಲಿ ಇರುತ್ತಿದ್ದರು. ಅಲ್ಲಿಯೂ ಜಗಳ ಇತ್ತು, ಹೆಂಗಸರಿಗೆ ದುಡಿಮೆ ಮುಗಿಯುತ್ತಿರಲಿಲ್ಲ. ಆದರೂ ರಾತ್ರಿ ಕೆಮ್ಮಿದರೆ ಕೇಳುವ ಕಿವಿ ಇತ್ತು. 1949ರ ಅಳಿಯಸಂತಾನ ಕಾಯಿದೆ ಆಸ್ತಿ ಪಾಲು ಮಾಡಿಕೊಳ್ಳಲು ದಾರಿ ಮಾಡಿತು. ಹೋಟೆಲ್ ಕೆಲಸಕ್ಕೆಂದು ಮುಂಬೈಗೆ ಹೋಗುವುದು ಮೊದಲೇ ಶುರುವಾಗಿತ್ತು, ಆಮೇಲೆ ಗಲ್ಫ್, ಆಮೇಲೆ ಬೆಂಗಳೂರು. ಮಕ್ಕಳೂ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ನೋಡಿಕೊಳ್ಳುವವರು ಎಲ್ಲಿಂದ ಬರಬೇಕು?

ತಂದೆ ತಾಯಿಯ ಪೋಷಣೆಗೆ 2007ರಲ್ಲಿ ಕಾನೂನು ಬಂತು. ದೂರು ಕೊಟ್ಟರೆ ಮಕ್ಕಳಿಂದ ತಿಂಗಳಿಗೆ ಹಣ ಕೊಡಿಸಬಹುದು. ದೊಡ್ಡಮ್ಮನ ಮಗ ದುಬೈಯಿಂದ ತಪ್ಪದೆ ಹಣ ಕಳಿಸುತ್ತಾನೆ, ಪ್ರತಿ ರಾತ್ರಿ ವಿಡಿಯೊ ಕಾಲ್ ಮಾಡುತ್ತಾನೆ. ಅವನ ಮೇಲೆ ಎಂತ ದೂರು? ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿ ಜಾರುತ್ತದೆ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನ ಹಾಗೆ ಓಡಾಡುವವರು ಕಡಿಮೆ. ಅಲ್ಲಿ ಬೇಕಾಗುವುದು ಹತ್ತಿರದಲ್ಲಿ ಇರುವ ಕೈ.

ಕಳೆದ ತಿಂಗಳು ಆಚಾರಿಯನ್ನು ಕರೆಸಿ ಹೊಸ್ತಿಲಿನ ಎರಡೂ ಬದಿಗೆ ಅರ್ಧ ಎತ್ತರದ ಹಲಗೆ ಮೆಟ್ಟಿಲು ಹಾಕಿಸಿದೆವು. ದಾರಂದಕ್ಕೆ ಒಂದು ಹಿಡಿಕೆ. ಅರ್ಧ ದಿನದ ಕೆಲಸ. ಸಂಜೆ ದೊಡ್ಡಮ್ಮ ಅದರ ಮೇಲೆ ಕಾಲಿಟ್ಟು, ನಿಲ್ಲದೆ ದಾಟಿ, ತುಳಸಿಗೆ ದೀಪ ಇಡಲು ಹೋದರು.